ಅಣೆಕಟ್ಟಿನ ಪ್ರಶ್ನೆ ಆಳುವವರ ಪ್ರಶ್ನೆಯಾಗುವುದು ಹೇಗೆ

1989ರ ಅಕ್ಟೋಬರ್ 26. ಬಲ್ಗೇರಿಯಾದ ರಾಜಧಾನಿ ಸೋಫಿಯಾ. ನಗರದ ನಡುವಿನ ಕ್ರಿಸ್ಟಲ್ ಎಂಬ ಸಣ್ಣ ಉದ್ಯಾನದಲ್ಲಿ ಕೆಲವರು ದಾರಿಹೋಕರಿಂದ ಸಹಿ ಸಂಗ್ರಹಿಸುತ್ತಿದ್ದರು. ರಿಲಾ–ಮೆಸ್ತಾ ಎಂಬ ನದಿ ತಿರುವು ಯೋಜನೆಯನ್ನು ನಿಲ್ಲಿಸಿ ಎಂಬುದಷ್ಟೇ ಅವರ ಮನವಿ. ಸರ್ಕಾರ ಇಳಿಯಲಿ, ಚುನಾವಣೆ ನಡೆಯಲಿ ಎಂಬ ಮಾತು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಆದರೂ ಪೊಲೀಸರು ಬಂದು ಹೊಡೆದರು, ಹಲವರನ್ನು ಎಳೆದೊಯ್ದರು. ಅದೇ ದಿನಗಳಲ್ಲಿ ಅದೇ ನಗರದಲ್ಲಿ 35 ದೇಶಗಳ ಪ್ರತಿನಿಧಿಗಳು ಕೂತು ಪರಿಸರ ರಕ್ಷಣೆಯ ಬಗ್ಗೆಯೇ ಅಂತರರಾಷ್ಟ್ರೀಯ ಸಭೆ ನಡೆಸುತ್ತಿದ್ದರು. ವಿದೇಶಿ ರಾಜತಾಂತ್ರಿಕರು ಪ್ರತಿಭಟಿಸಿದರು. ನವೆಂಬರ್ 3ರಂದು, ಎಕೋಗ್ಲಾಸ್ನೊಸ್ತ್ ಎಂಬ ಆ ಗುಂಪು 11 ಸಾವಿರಕ್ಕೂ ಹೆಚ್ಚು ಸಹಿಗಳನ್ನು ಹೊತ್ತು ಸಂಸತ್ತಿನ ಕಡೆ ಹೊರಟಾಗ ಸಾವಿರಾರು ಜನ ಹಿಂದೆ ನಡೆದರು. ಏಳು ದಿನ ಕಳೆದು, ನವೆಂಬರ್ 10ರಂದು, 35 ವರ್ಷ ಆಳಿದ್ದ ಕಮ್ಯುನಿಸ್ಟ್ ಪಕ್ಷದ ನಾಯಕ ತೊದೋರ್ ಜೀವ್ಕೋವ್ ಅಧಿಕಾರ ಕಳೆದುಕೊಂಡರು.

ನದಿಯ ಮನವಿಯೊಂದೇ ಅವರನ್ನು ಇಳಿಸಿತು ಎಂದರೆ ಸುಳ್ಳಾಗುತ್ತದೆ. ಹಿಂದಿನ ದಿನವಷ್ಟೇ ಬರ್ಲಿನ್ ಗೋಡೆ ತೆರೆದಿತ್ತು, ಪಕ್ಷದೊಳಗಿನವರೇ ಅವರನ್ನು ಕೆಳಗಿಳಿಸುವ ಲೆಕ್ಕ ಹಾಕಿದ್ದರು. ಆದರೆ ಒಂದು ಮಾತು ನಿಜ. ಸಂಘಟಿತ ಪ್ರತಿಪಕ್ಷವೇ ಇಲ್ಲದ ದೇಶದಲ್ಲಿ ಬೀದಿಗೆ ಇಳಿಯುವ ಧೈರ್ಯ, ಹೆಸರು ಹೇಳಿಕೊಂಡು ನಿಲ್ಲುವ ಗುಂಪು, ಹೊರಜಗತ್ತಿನ ಕಣ್ಣು, ಈ ಮೂರೂ ಆ ಹೊತ್ತಿಗೆ ಇದ್ದದ್ದು ಪರಿಸರದವರ ಬಳಿ. ಡಿಸೆಂಬರ್ 7ರಂದು ಹುಟ್ಟಿದ ಪ್ರತಿಪಕ್ಷಗಳ ಒಕ್ಕೂಟಕ್ಕೆ ಎಕೋಗ್ಲಾಸ್ನೊಸ್ತ್ ಸ್ಥಾಪಕ ಸದಸ್ಯ. ಎರಡೇ ವರ್ಷದಲ್ಲಿ, 1991ರ ನವೆಂಬರ್‌ನಲ್ಲಿ, ಹಸಿರು ಪಕ್ಷದಿಂದ ಬಂದ ವಕೀಲ ಫಿಲಿಪ್ ದಿಮಿತ್ರೋವ್ ಅದೇ ಒಕ್ಕೂಟದ ನಾಯಕರಾಗಿ ಪ್ರಧಾನಿಯಾದರು.

ಇದು ಬಲ್ಗೇರಿಯಾಕ್ಕೆ ಮಾತ್ರ ಸೇರಿದ ಕತೆಯಲ್ಲ. ಹಂಗೇರಿ, ಎಸ್ಟೋನಿಯಾ, ಲಾಟ್ವಿಯಾ, ಅರ್ಮೇನಿಯಾ, ಕೆನ್ಯಾ, ತೈವಾನ್, ರಷ್ಯಾ, ಎಲ್ಲೆಡೆ ಇದರ ಒಂದಲ್ಲ ಒಂದು ರೂಪ ಕಾಣುತ್ತದೆ. ಮರದ ಮೇಲಿನ ಪ್ರೀತಿ ಉಕ್ಕಿ ರಾಜಕೀಯವಾಯಿತು ಎಂಬ ವಿವರಣೆ ಇದಕ್ಕೆ ಸಾಲದು. ಒಂದು ಕಾರ್ಖಾನೆಯನ್ನೋ ಅಣೆಕಟ್ಟನ್ನೋ ಪ್ರಶ್ನಿಸಿದವರು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಈ ತೀರ್ಮಾನ ಮಾಡಿದವರು ಯಾರು, ಅದರ ಕಡತ ಎಲ್ಲಿದೆ, ನಮ್ಮನ್ನು ಯಾಕೆ ಕೇಳಲಿಲ್ಲ? ಆಡಳಿತ ಈ ಮೂರಕ್ಕೆ ಉತ್ತರ ಕೊಟ್ಟರೆ ಹೋರಾಟ ಬಹುತೇಕ ಸ್ಥಳೀಯವಾಗಿಯೇ ಮುಗಿಯುತ್ತದೆ. ಲಾಠಿಯಲ್ಲಿ ಉತ್ತರ ಕೊಟ್ಟರೆ ಅದು ದೇಶದ ಪ್ರಶ್ನೆಯಾಗುತ್ತದೆ.

ತೆರೆದಿದ್ದ ಒಂದೇ ಬಾಗಿಲು

ಏಕಪಕ್ಷದ ಆಡಳಿತದಲ್ಲಿ ಸಂಘ ಕಟ್ಟಲು, ಪತ್ರಿಕೆಯಲ್ಲಿ ಟೀಕಿಸಲು, ಸಭೆ ಸೇರಲು ಪ್ರತಿಯೊಂದಕ್ಕೂ ಅನುಮತಿ ಬೇಕು. ಆದರೆ ಪ್ರಕೃತಿ ರಕ್ಷಣೆ ಸರ್ಕಾರವೇ ಒಪ್ಪಿದ ವಿಷಯ. ಕಾನೂನಿನಲ್ಲಿ, ಶಾಲೆಯ ಪಠ್ಯದಲ್ಲಿ, ಯುವಕ ಸಂಘಗಳ ಕಾರ್ಯಕ್ರಮದಲ್ಲಿ ಅದು ಇದ್ದೇ ಇತ್ತು. ವಿಜ್ಞಾನ ಅಕಾಡೆಮಿಯ ಜೀವಶಾಸ್ತ್ರಜ್ಞ, ಜಲತಜ್ಞ, ಲೇಖಕರ ಸಂಘದ ಸದಸ್ಯ ಇವರೆಲ್ಲ ಸರ್ಕಾರದ ಸಂಬಳದಲ್ಲೇ ಇದ್ದುಕೊಂಡು ನದಿಯ ಬಗ್ಗೆ ಬರೆಯಬಹುದಿತ್ತು. ಪಕ್ಷದ ಏಕಸ್ವಾಮ್ಯವನ್ನು ಟೀಕಿಸಿದವನನ್ನು ಯಾವ ಕಲಮಿನಡಿ ಬಂಧಿಸಬೇಕು ಎಂದು ಪೊಲೀಸರಿಗೆ ಗೊತ್ತಿತ್ತು. ಮೀನು ಸಾಯುತ್ತಿದೆ ಎಂದವನನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಬಲವಾದದ್ದು. ವಿಷಗಾಳಿ ಪಕ್ಷದ ಸದಸ್ಯತ್ವದ ಚೀಟಿ ನೋಡಿ ಬೀಸುವುದಿಲ್ಲ. ಬಲ್ಗೇರಿಯಾದ ರೂಸೆ ನಗರ ಡ್ಯಾನ್ಯೂಬ್ ನದಿಯ ದಂಡೆಯಲ್ಲಿದೆ. ಎದುರು ದಡದಲ್ಲಿ ರೊಮೇನಿಯಾದ ಜುರ್ಜು, ಅಲ್ಲೊಂದು ರಾಸಾಯನಿಕ ಕಾರ್ಖಾನೆ. 1980ರ ದಶಕದ ಉದ್ದಕ್ಕೂ ಅಲ್ಲಿಂದ ಕ್ಲೋರಿನ್ ಅನಿಲ ತೇಲಿಬಂದು ಊರನ್ನು ಮುತ್ತುತ್ತಿತ್ತು. ಎರಡೂ ದೇಶ ಒಂದೇ ಸೋವಿಯತ್ ಕೂಟದಲ್ಲಿದ್ದ ಕಾರಣ ನೆರೆಯವರನ್ನು ಬಹಿರಂಗವಾಗಿ ದೂರುವಂತಿರಲಿಲ್ಲ; ಮಾಲಿನ್ಯದ ಅಳತೆಗಳನ್ನೂ ಜನರಿಂದ ಮುಚ್ಚಿಟ್ಟಿದ್ದರು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮಗುವಿನ ಕೆಮ್ಮು ಕೇಳುವ ತಾಯಿಗೆ ವರದಿಯ ಅಗತ್ಯವಿರಲಿಲ್ಲ. 1987ರ ಸೆಪ್ಟೆಂಬರ್ 28ರಂದು ತಾಯಂದಿರು ಬೀದಿಗೆ ಬಂದರು. ಮುಂದಿನ ಮಾರ್ಚ್‌ನಲ್ಲಿ ರೂಸೆಯ ರಕ್ಷಣೆಗೆಂದು ಸಮಿತಿಯೊಂದು ಸೋಫಿಯಾದಲ್ಲಿ ಹುಟ್ಟಿದಾಗ ಅದರಲ್ಲಿ ಪಕ್ಷದ ಸದಸ್ಯರೇ ಇದ್ದರು. ಪಕ್ಷ ಅವರಲ್ಲಿ ಕೆಲವರನ್ನು ಉಚ್ಚಾಟಿಸಿತು. ಇದು ದೊಡ್ಡ ತಪ್ಪು. ಒಳಗಿದ್ದುಕೊಂಡು ಗೊಣಗುತ್ತಿದ್ದವರನ್ನು ಪಕ್ಷವೇ ಹೊರಗಿನ ಪ್ರತಿಪಕ್ಷಕ್ಕೆ ದಾಟಿಸಿದಂತಾಯಿತು.

ಡ್ಯಾನ್ಯೂಬ್: ಒಂದು ಅಣೆಕಟ್ಟಿನ ಒಳಗು

ಹಂಗೇರಿಯ ಪ್ರಕರಣವನ್ನು ಬಿಡಿಸಿ ನೋಡುವುದು ಒಳ್ಳೆಯದು. ತಾಂತ್ರಿಕ ವಾದ ರಾಜಕೀಯ ವಾದವಾಗುವ ಪ್ರತಿ ಮೆಟ್ಟಿಲೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1977ರ ಸೆಪ್ಟೆಂಬರ್ 16ರಂದು ಹಂಗೇರಿ ಮತ್ತು ಚೆಕೊಸ್ಲೊವಾಕಿಯಾ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಡ್ಯಾನ್ಯೂಬ್‌ನ ಬಹುಪಾಲು ನೀರನ್ನು ಮೂಲ ಪಾತ್ರದಿಂದ ತೆಗೆದು ಸುಮಾರು 25 ಕಿ.ಮೀ. ಉದ್ದದ ಕಾಲುವೆಗೆ ಹರಿಸುವುದು. ಆ ಕಾಲುವೆಯ ಮೇಲೆ, ಗಾಬ್ಚಿಕೊವೊದಲ್ಲಿ, 720 ಮೆಗಾವಾಟ್ ವಿದ್ಯುತ್ ಸ್ಥಾವರ. ನೂರಕ್ಕೂ ಹೆಚ್ಚು ಕಿ.ಮೀ. ಕೆಳಗೆ ಹಂಗೇರಿಯ ನಾಗಿಮಾರೊಶ್‌ನಲ್ಲಿ 158 ಮೆಗಾವಾಟ್‌ನ ಇನ್ನೊಂದು. ಇಷ್ಟು ಚಿಕ್ಕ ಎರಡನೇ ಅಣೆಕಟ್ಟು ಯಾಕೆ ಬೇಕಾಯಿತು? ಮೇಲಿನ ಸ್ಥಾವರವನ್ನು ಬೇಡಿಕೆ ಏರಿದ ಹೊತ್ತಿನಲ್ಲಿ ಮಾತ್ರ ಪೂರ್ತಿ ಓಡಿಸುವ ಯೋಚನೆ ಇತ್ತು. ಅಂದರೆ ಗಂಟೆಗಟ್ಟಲೆ ನೀರು ತಡೆದು ನಿಲ್ಲಿಸಿ, ಆಮೇಲೆ ಒಮ್ಮೆಲೇ ಬಿಡುವುದು. ಹಾಗೆ ಬಿಟ್ಟ ನೀರು ದಿನವೂ ಕೃತಕ ಪ್ರವಾಹದಂತೆ ಕೆಳಗೆ ನುಗ್ಗುತ್ತದೆ. ಅದನ್ನು ಹಿಡಿದು ಸಮ ಮಾಡಲು ನಾಗಿಮಾರೊಶ್ ಬೇಕು. ಹಾಗಾಗಿ ಕೆಳಗಿನದನ್ನು ನಿಲ್ಲಿಸಿದರೆ ಮೇಲಿನದರ ಲೆಕ್ಕವೇ ಕೆಡುತ್ತಿತ್ತು. ಹೋರಾಟಗಾರರು ನಾಗಿಮಾರೊಶ್ ಅನ್ನೇ ಹಿಡಿದುಕೊಂಡಿದ್ದಕ್ಕೆ ಇದೊಂದು ಕಾರಣ. ಎದುರಾಳಿಯ ನಕ್ಷೆಯಲ್ಲಿ ಯಾವ ಗೂಟ ಕಿತ್ತರೆ ಚಪ್ಪರ ಬೀಳುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಯಾನೊಶ್ ವರ್ಗ ಜೀವಶಾಸ್ತ್ರಜ್ಞ. 1981ರಲ್ಲಿ ಈ ಯೋಜನೆಯನ್ನು ಟೀಕಿಸಿ ಅವರು ಬರೆದ ಲೇಖನ ಸರ್ಕಾರ ಒಪ್ಪಿದ ಪತ್ರಿಕೆಯಲ್ಲೇ ಅಚ್ಚಾಯಿತು. ಅದರಲ್ಲಿದ್ದ ವಾದ ಜಲವಿಜ್ಞಾನದ್ದು. ನದಿಯ ಪಾತ್ರದ ಕೆಳಗೆ ದಪ್ಪ ಜಲ್ಲಿಯ ಪದರವಿದೆ, ಅದರ ತುಂಬ ಒಳ್ಳೆಯ ಅಂತರ್ಜಲವಿದೆ. ಹರಿವು ನಿಂತರೆ ಹೂಳು ಕೂತು ಜಲ್ಲಿಯ ರಂಧ್ರಗಳು ಮುಚ್ಚುತ್ತವೆ. ಬುಡಾಪೆಸ್ಟ್ ನಗರಕ್ಕೆ ಕುಡಿಯುವ ನೀರು ಬರುವುದೂ ಹೀಗೆಯೇ, ನದಿ ದಂಡೆಯ ಜಲ್ಲಿಯಲ್ಲಿ ಸೋಸಿ ಬಾವಿಗೆ ಇಳಿಯುವ ನೀರು; ಆ ಬಾವಿಗಳು ಇರುವುದು ನಾಗಿಮಾರೊಶ್‌ನ ಕೆಳಗೆ. ನೀರಿನ ಈ ವಾದ ಮನೆಮನೆಯ ನಲ್ಲಿಗೆ ಬಂದು ಮುಟ್ಟಿತು. ಜೊತೆಗೆ ಅಣೆಕಟ್ಟಿನ ಜಾಗ ವಿಶೆಗ್ರಾದ್‌ನ ಹಳೆಯ ರಾಜಕೋಟೆಯ ಎದುರು, ಪ್ರತಿ ಹಂಗೇರಿಯನ್ನನ ಶಾಲಾ ಪುಸ್ತಕದಲ್ಲಿ ಇರುವ ಜಾಗ. ನೀರು, ಇತಿಹಾಸ, ಗುಟ್ಟು ಮಾಡಿದ ಒಪ್ಪಂದ ಮೂರೂ ಒಂದೇ ಬಿಂದುವಿನಲ್ಲಿ ಸೇರಿದ್ದವು.

1984ರಲ್ಲಿ ಡ್ಯಾನ್ಯೂಬ್ ವೃತ್ತ ಎಂಬ ಗುಂಪು ಹುಟ್ಟಿತು, ನೋಂದಣಿ ಸಿಗಲಿಲ್ಲ. ಸಿಗದಿದ್ದದ್ದೇ ಒಂದು ಪಾಠವಾಯಿತು. ನದಿ ಉಳಿಸುವ ಮುನ್ನ ಸಂಘ ಕಟ್ಟುವ ಹಕ್ಕು ಬೇಕು, ಅದಕ್ಕೆ ಕಾನೂನು ಬದಲಾಗಬೇಕು, ಕಾನೂನು ಬದಲಾಗಲು ಬೇರೆ ಸಂಸತ್ತು ಬೇಕು ಎಂಬ ಸರಪಳಿ ಜನರಿಗೆ ಅನುಭವದಲ್ಲೇ ಗೊತ್ತಾಯಿತು. 10 ಸಾವಿರಕ್ಕೂ ಹೆಚ್ಚು ಸಹಿಯ ಮನವಿಯಿಂದ ಏನೂ ಕದಲಲಿಲ್ಲ. 1985ರಲ್ಲಿ ಗುಂಪಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 1986ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಹಸಿರು ಕಾರ್ಯಕರ್ತರ ಜೊತೆ ನದಿ ದಂಡೆಯಲ್ಲಿ ಒಂದು ನಡಿಗೆ ಏರ್ಪಡಿಸಿದಾಗ ಪೊಲೀಸರು ಲಾಠಿ ಬೀಸಿ ಚದುರಿಸಿದರು.

ಇಲ್ಲಿ ಹಣದ ಜಾಡು ನೋಡಬೇಕು. ಆಸ್ಟ್ರಿಯಾದಲ್ಲಿ 1984ರ ಡಿಸೆಂಬರ್‌ನಲ್ಲಿ ಹೈನ್‌ಬುರ್ಗ್ ಬಳಿ ಇದೇ ಡ್ಯಾನ್ಯೂಬ್‌ಗೆ ಕಟ್ಟಬೇಕಿದ್ದ ಅಣೆಕಟ್ಟನ್ನು ಸಾವಿರಾರು ಜನ ಹಿಮದಲ್ಲಿ ಕೂತು ತಡೆದಿದ್ದರು. ಕೆಲಸ ಕಳೆದುಕೊಂಡ ನಿರ್ಮಾಣ ವಲಯ ನದಿಯ ಕೆಳಗಿನ ದೇಶದ ಕಡೆ ನೋಡಿತು. 1986ರ ಮೇ ತಿಂಗಳ ಒಪ್ಪಂದದಂತೆ ನಾಗಿಮಾರೊಶ್‌ಗೆ ಆಸ್ಟ್ರಿಯಾದ ಸಾಲ; ತೀರಿಸುವುದು 1996ರಿಂದ 20 ವರ್ಷ, ವಿದ್ಯುತ್ತಿನ ರೂಪದಲ್ಲಿ. ಹಂಗೇರಿಯ ಪಾಲಿನ ವಿದ್ಯುತ್ತಿನಲ್ಲಿ ಬಹುಪಾಲು ಸಾಲಕ್ಕೇ ಹೋಗುತ್ತಿತ್ತು. ಯೋಜನೆ ದೇಶದ ಅಭಿವೃದ್ಧಿಗೆ ಎನ್ನುತ್ತಿದ್ದ ಸರ್ಕಾರಕ್ಕೆ ಈ ಲೆಕ್ಕದ ಮುಂದೆ ಬಾಯಿ ಬರಲಿಲ್ಲ. ನೀರು ಕೆಡುವುದು ನಮ್ಮದು, ದೀಪ ಉರಿಯುವುದು ಅವರದು ಎಂಬ ಮಾತನ್ನು ಅರ್ಥ ಮಾಡಿಕೊಳ್ಳಲು ಯಾವ ಪದವಿಯೂ ಬೇಕಿರಲಿಲ್ಲ.

1988ರ ಶರತ್ಕಾಲದಲ್ಲಿ ಬುಡಾಪೆಸ್ಟ್‌ನ ಸಂಸತ್ತಿನ ಮುಂದೆ ಹತ್ತಾರು ಸಾವಿರ ಜನ ಸೇರಿದರು. ಅಕ್ಟೋಬರ್‌ನಲ್ಲಿ ಸಂಸತ್ತು ಅಗಾಧ ಬಹುಮತದಿಂದ ಯೋಜನೆಗೇ ಒಪ್ಪಿಗೆ ಕೊಟ್ಟಿತು. ಹೋರಾಟದ ತಿರುವು ಇದು. ಆವರೆಗೆ ಎಂಜಿನಿಯರುಗಳ ಮೇಲಿದ್ದ ಸಿಟ್ಟು ಆ ಮತದಾನದ ಬಳಿಕ ಸಂಸತ್ತಿನ ಮೇಲೆ ಹೊರಳಿತು. ಇಷ್ಟು ಜನ ಬೇಡ ಅಂದದ್ದಕ್ಕೆ ಹೀಗೆ ಕೈ ಎತ್ತುವವರು ಯಾರ ಪ್ರತಿನಿಧಿಗಳು? ಜನಮತಗಣನೆ ಕೇಳಿದ ಸಹಿಗಳು ಲಕ್ಷ ದಾಟಿದವು. 1989ರ ಮೇ 13ರಂದು ಪ್ರಧಾನಿ ಮಿಕ್ಲೋಶ್ ನೇಮೆತ್ ನಾಗಿಮಾರೊಶ್ ಕೆಲಸ ನಿಲ್ಲಿಸಿದರು. ಮುಂದಿನ ವಸಂತದಲ್ಲಿ ಮುಕ್ತ ಚುನಾವಣೆ ನಡೆಯಿತು.

ಕೆಲಸದ ಭಾಗಗಳು

ಇಂಥ ಚಳವಳಿಗಳ ದಿನನಿತ್ಯದ ಕೆಲಸವನ್ನು ನೋಡಿದರೆ ಮೊದಲು ಕಾಣುವುದು ಕಡತ. ಯೋಜನಾ ವರದಿ, ಒಪ್ಪಂದದ ಪ್ರತಿ, ಸಾಲದ ಷರತ್ತು, ಪರಿಸರ ಪರಿಣಾಮದ ಅಂದಾಜು, ಈ ನಾಲ್ಕು ಕೈಗೆ ಬರುವವರೆಗೆ ಹೋರಾಟ ಊಹೆಯ ಮೇಲೆ ನಿಂತಿರುತ್ತದೆ. ಊಹೆಯಲ್ಲಿ ಒಂದು ಅಂಕಿ ತಪ್ಪಿದರೂ ಸರ್ಕಾರ ಅದನ್ನೇ ಎತ್ತಿ ಹಿಡಿದು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತದೆ. ಈಗ ಕೆಲವು ಕಡೆ ಕಾನೂನಿನ ಆಸರೆ ಇದೆ. ಯುರೋಪ್ ಮತ್ತು ಮಧ್ಯ ಏಷ್ಯಾದ ಹಲವು ದೇಶಗಳು ಸೇರಿದ 1998ರ ಆರ್ಹಸ್ ಒಡಂಬಡಿಕೆ, ಲ್ಯಾಟಿನ್ ಅಮೆರಿಕದ 2018ರ ಎಸ್ಕಜು ಒಪ್ಪಂದ, ಎರಡೂ ಪರಿಸರದ ಮಾಹಿತಿ ಪಡೆಯುವ, ತೀರ್ಮಾನದಲ್ಲಿ ಭಾಗವಹಿಸುವ, ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಹೇಳುತ್ತವೆ. ಕಡತ ಕೇಳಿ ಬರೆದ ಅರ್ಜಿ ತಿರಸ್ಕೃತವಾದರೆ ಆ ತಿರಸ್ಕಾರದ ಪತ್ರವನ್ನೂ ಜೋಪಾನವಾಗಿ ಇಡಬೇಕು. ನ್ಯಾಯಾಲಯದಲ್ಲೂ ಬೀದಿಯಲ್ಲೂ ಅದೇ ಮೊದಲ ಸಾಕ್ಷಿ.

ಎರಡನೆಯದು ಸಹಿ. ಹೆಸರು, ವಿಳಾಸ, ದಿನಾಂಕ ಇಲ್ಲದ ಸಹಿಗೆ ಬೆಲೆಯಿಲ್ಲ. ನಕಲಿ ಎಂದು ಒಂದೇ ಮಾತಿನಲ್ಲಿ ತಳ್ಳಬಹುದು. ಹೆಸರು ಬರೆದರೆ ಕೆಲಸ ಹೋಗಬಹುದು ಎಂಬ ಭಯ ಇರುವ ದೇಶದಲ್ಲಂತೂ ಪ್ರತಿ ಸಹಿ ಒಂದು ಸಾರ್ವಜನಿಕ ಹೇಳಿಕೆ. ಮೊದಲ ಹಾಳೆಯಲ್ಲಿ ವೈದ್ಯರು, ಶಿಕ್ಷಕರು, ವಿಜ್ಞಾನಿಗಳ ಹೆಸರಿದ್ದರೆ ನಂತರದವರಿಗೆ ಪೆನ್ನು ಹಿಡಿಯುವ ಧೈರ್ಯ ಬರುತ್ತದೆ. ಎಡವುವುದು ಎಲ್ಲಿ ಎಂದರೆ, ಮೂಲ ಹಾಳೆಗಳೆಲ್ಲ ಒಂದೇ ಮನೆಯಲ್ಲಿ ಇರುತ್ತವೆ. ಒಂದು ದಾಳಿಯಲ್ಲಿ ತಿಂಗಳುಗಳ ಶ್ರಮವೂ ಹೋಗುತ್ತದೆ, ಸಹಿ ಹಾಕಿದವರ ಪಟ್ಟಿಯೂ ಪೊಲೀಸರಿಗೆ ಸಿಗುತ್ತದೆ. ಹಾಳೆಗಳನ್ನು ಬೇರೆ ಬೇರೆ ಕೈಗಳಲ್ಲಿ ಇಡುವುದು, ವಾರಕ್ಕೊಮ್ಮೆ ಎಣಿಸುವುದು ನೀರಸ ಕೆಲಸ ನಿಜ, ಆದರೆ ಚಳವಳಿಯ ಬೆನ್ನೆಲುಬು ಇದೇ.

ಮೂರನೆಯದು ಸಮಯ. ಸೋಫಿಯಾದ ಗುಂಪು ಅಂತರರಾಷ್ಟ್ರೀಯ ಸಭೆಯ ಮೂರು ವಾರಗಳನ್ನು ಆರಿಸಿಕೊಂಡದ್ದು ಕಾಕತಾಳೀಯವಲ್ಲ. ಸರ್ಕಾರ ಹೊರಗಿನವರ ಮುಂದೆ ಮುಖ ಉಳಿಸಿಕೊಳ್ಳಬೇಕಾದ ದಿನಗಳಲ್ಲಿ ಒಂದು ಉದ್ಯಾನದ ಮೇಜಿಗೂ ತೂಕ ಬರುತ್ತದೆ.

ಎರಡನೇ ಭಯ

1987ರ ಫೆಬ್ರುವರಿಯಲ್ಲಿ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಎಸ್ಟೋನಿಯಾದ ದೂರದರ್ಶನದ ಪಾಂಡಾ ಎಂಬ ಕಾರ್ಯಕ್ರಮದಲ್ಲಿ ಪತ್ರಕರ್ತ ಯುಹಾನ್ ಆರೆ ಒಂದು ಸುದ್ದಿ ಹೊರಗೆಡವಿದರು. ದೇಶದ ಈಶಾನ್ಯದಲ್ಲಿ ಗೊಬ್ಬರಕ್ಕೆ ಬಳಸುವ ಫಾಸ್ಫೊರೈಟ್ ಅದಿರಿನ ದೊಡ್ಡ ಗಣಿ ತೆರೆಯಲು ಮಾಸ್ಕೋ ತೀರ್ಮಾನಿಸಿದೆ ಎಂಬುದು. ಪಾಂದಿವೆರೆಯ ಎತ್ತರದ ಭೂಮಿ ಎಸ್ಟೋನಿಯಾದ ಹಲವು ನದಿಗಳ ತವರು. ಅಲ್ಲಿ ಅಗೆದರೆ ಅಂತರ್ಜಲ ಕುಸಿಯುವುದು ಖಚಿತ ಎಂದು ಭೂವಿಜ್ಞಾನಿಗಳು ಹೇಳಿದರು. ಫಾಸ್ಫೊರೈಟ್‌ನ ಮೇಲೆ ಒಂದು ಕಪ್ಪು ಜೇಡಿಗಲ್ಲಿನ ಪದರ ಇದೆ. ಅದನ್ನು ಅಗೆದು ಗಾಳಿಗೆ ರಾಶಿ ಹಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮಾರ್ದು ಎಂಬಲ್ಲಿನ ಹಳೆಯ ಗಣಿಯಲ್ಲಿ ಅಂಥ ರಾಶಿಗಳು ಹೊಗೆಯಾಡಿದ್ದನ್ನು ಜನ ಕಣ್ಣಾರೆ ಕಂಡಿದ್ದರು. ಹಾಗಾಗಿ ಪ್ರಚಾರಕ್ಕೆ ಹೊಸ ಚಿತ್ರ ಬೇಕಾಗಲಿಲ್ಲ.

ಆದರೆ ಈ ಹೋರಾಟ ಕಾಳ್ಗಿಚ್ಚಿನಂತೆ ಹಬ್ಬಿದ್ದು ನೀರಿನಿಂದ ಮಾತ್ರವಲ್ಲ. ಗಣಿ ಬಂದರೆ ಸೋವಿಯತ್ ಒಕ್ಕೂಟದ ಬೇರೆ ಕಡೆಗಳಿಂದ ಸಾವಿರಾರು ಕಾರ್ಮಿಕರು ಬರುತ್ತಾರೆ. 1934ರಲ್ಲಿ ಎಸ್ಟೋನಿಯನ್ನರು ಜನಸಂಖ್ಯೆಯ 88%. 1989ರ ಗಣತಿಯಲ್ಲಿ 61.5%. ತಮ್ಮ ನೆಲದಲ್ಲಿ ತಾವೇ ಅಲ್ಪಸಂಖ್ಯಾತರಾಗುವ ಭಯವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಗಣಿ ಬೇಡ ಎನ್ನಬಹುದಿತ್ತು. ಮೇ 1ರ ಮೆರವಣಿಗೆಯಲ್ಲಿ ತಾರ್ತು ವಿದ್ಯಾರ್ಥಿಗಳು ಗಣಿ ವಿರೋಧದ ಘೋಷಣೆ ಹಿಡಿದು ನಡೆದರು. ಆ ವರ್ಷವೇ ಯೋಜನೆ ಕೈಬಿಟ್ಟರು. 1988ರ ವಸಂತದಲ್ಲಿ ಜನತಾ ರಂಗ ಹುಟ್ಟಿತು, 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂತು. ಪಕ್ಕದ ಲಾಟ್ವಿಯಾದಲ್ಲೂ ಇದೇ ದಾರಿ. ದೌಗವ ನದಿಯ ಅಣೆಕಟ್ಟಿನ ವಿರುದ್ಧ 1986ರ ಅಕ್ಟೋಬರ್‌ನಲ್ಲಿ ಸಾಹಿತ್ಯ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದ ಇಬ್ಬರಲ್ಲಿ ಒಬ್ಬರಾದ ದೈನಿಸ್ ಈವಾನ್ಸ್, ಎರಡು ವರ್ಷದ ಬಳಿಕ ಅಲ್ಲಿನ ಜನತಾ ರಂಗದ ಮೊದಲ ಅಧ್ಯಕ್ಷ. ನಡುವೆ, 1987ರ ನವೆಂಬರ್‌ನಲ್ಲಿ, ಆ ಅಣೆಕಟ್ಟು ರದ್ದಾಗಿತ್ತು.

ಈ ಎರಡನೇ ಭಯ ಚಳವಳಿಗೆ ಎರಡು ಅಲಗಿನ ಕತ್ತಿ. ಜನರನ್ನು ಅದು ಬೇಗ ಸೇರಿಸುತ್ತದೆ, ಆದರೆ ಹೆಚ್ಚು ಬಲವಾದ ವಿಷಯ ಸಿಕ್ಕ ದಿನ ಪರಿಸರವನ್ನು ದಾರಿಯಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಅರ್ಮೇನಿಯಾದ ಯೆರೆವಾನ್‌ನಲ್ಲಿ 1987ರ ಅಕ್ಟೋಬರ್‌ನಲ್ಲಿ ನೈರಿತ್ ರಬ್ಬರ್ ಕಾರ್ಖಾನೆ ಮತ್ತು ಅಣುಸ್ಥಾವರದ ವಿರುದ್ಧ ನಡೆದ ಮೆರವಣಿಗೆಗಳು ನಾಲ್ಕೇ ತಿಂಗಳಲ್ಲಿ ಕರಬಾಖ್ ಪ್ರಶ್ನೆಯ, ಅಂದರೆ ನೆರೆಯ ಅಜರ್ಬೈಜಾನ್‌ನೊಳಗಿದ್ದ ಅರ್ಮೇನಿಯನ್ನರ ಪ್ರದೇಶ ಯಾರದೆಂಬ ವಿವಾದದ, ಲಕ್ಷಾಂತರ ಜನರ ಸಭೆಗಳಲ್ಲಿ ಕರಗಿಹೋದವು.

ಕೆನ್ಯಾದ ದೀರ್ಘ ದಾರಿ

ವಂಗಾರಿ ಮಾಥಾಯಿ 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಆರಂಭಿಸಿದಾಗ ಕೆಲಸ ಸರಳವಾಗಿತ್ತು. ಹಳ್ಳಿಯ ಹೆಂಗಸರು ಸಸಿ ಬೆಳೆಸುವುದು, ಬದುಕಿದ ಸಸಿಗೆ ಸಣ್ಣ ಮೊತ್ತ ಪಡೆಯುವುದು. ಹತ್ತು ವರ್ಷ ಸರ್ಕಾರಕ್ಕೆ ಇದರಿಂದ ತೊಂದರೆ ಕಾಣಲಿಲ್ಲ. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ, ಆಳುವ ಪಕ್ಷದ ಕಚೇರಿಯೂ ಸೇರಿದಂತೆ, 60 ಅಂತಸ್ತಿನ ಕಟ್ಟಡ ಎಬ್ಬಿಸುವ ಯೋಜನೆ ಬಂತು. ಮಾಥಾಯಿ ಮಾಡಿದ್ದು ಪತ್ರ ಬರೆಯುವ ಕೆಲಸ: ಸರ್ಕಾರದ ಕಚೇರಿಗಳಿಗೆ, ವಿಶ್ವಸಂಸ್ಥೆಯ ಪರಿಸರ ಸಂಸ್ಥೆಗೆ, ವಿದೇಶಿ ರಾಯಭಾರಿಗಳಿಗೆ. ಸಂಸತ್ತಿನಲ್ಲಿ ಅವರನ್ನು ಹೀಯಾಳಿಸಿದರು, ಚಳವಳಿಯನ್ನು ಸರ್ಕಾರಿ ಕಟ್ಟಡದಿಂದ ಹೊರಹಾಕಿದರು. ಆದರೆ ಹಣ ಹೂಡುವವರು ಹಿಂದೆ ಸರಿದರು, ಕಟ್ಟಡ ಏಳಲಿಲ್ಲ. ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರ ಸರ್ಕಾರವನ್ನೂ ಹಿಮ್ಮೆಟ್ಟಿಸಬಹುದು ಎಂಬುದು ಆ ಖಾಲಿ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯಿತು.

1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರು ಉಪವಾಸ ಕೂತದ್ದು ಅದೇ ಉದ್ಯಾನದ ಮೂಲೆಯಲ್ಲಿ, ಮಾಥಾಯಿಯವರೂ ಜೊತೆಗಿದ್ದರು. ಪೊಲೀಸರು ಅವರನ್ನು ಪ್ರಜ್ಞೆ ತಪ್ಪುವಂತೆ ಹೊಡೆದರು. ಮರ ಉಳಿಸಿದ ಜಾಗವೇ ಪ್ರಜಾಪ್ರಭುತ್ವದ ಅಂಗಳವಾಯಿತು. ಬಹುಪಕ್ಷ ಪದ್ಧತಿ ಆಗಷ್ಟೇ ಮರಳಿತ್ತು. ಅವರು ಪ್ರತಿಪಕ್ಷಗಳನ್ನು ಒಂದುಗೂಡಿಸಲು ಪ್ರಯತ್ನಿಸಿದರು, ಆಗಲಿಲ್ಲ. ಆ ಡಿಸೆಂಬರ್‌ನಲ್ಲಿ ಮೊಯಿ ಕೇವಲ 36% ಮತ ಪಡೆದು ಗೆದ್ದರು. 1997ರಲ್ಲಿ ಮಾಥಾಯಿ ಸ್ವತಃ ಅಧ್ಯಕ್ಷ ಸ್ಥಾನಕ್ಕೂ ಸಂಸತ್ತಿಗೂ ನಿಂತು ಎರಡರಲ್ಲೂ ಸೋತರು. 2002ರಲ್ಲಿ ಒಗ್ಗೂಡಿದ ಪ್ರತಿಪಕ್ಷದ ಅಭ್ಯರ್ಥಿಯಾಗಿ ತೆತು ಕ್ಷೇತ್ರದಲ್ಲಿ 98% ಮತ ಪಡೆದರು. ವ್ಯಕ್ತಿ ಅದೇ, ಕೀರ್ತಿ ಅದೇ; ಬದಲಾದದ್ದು ಮೈತ್ರಿ.

ಮತಪೆಟ್ಟಿಗೆಯ ಲೆಕ್ಕ ಬೇರೆ

ಪರಿಸರ ಹೋರಾಟಗಾರರು ಚುನಾವಣೆಯಲ್ಲಿ ಎಡವುವುದು ಬಹುಮಟ್ಟಿಗೆ ಇಲ್ಲೇ. ಯೋಜನೆ ತಡೆಯಲು ಒಂದು ಕಡೆ ಒತ್ತಾಗಿ ಸೇರಿದ ಜನ ಸಾಕು, ಗೆಲ್ಲಲು ದೇಶದ ಉದ್ದಗಲಕ್ಕೂ ಹರಡಿದ ಮತ ಬೇಕು. ಪಶ್ಚಿಮ ಜರ್ಮನಿಯಲ್ಲಿ 1975ರಲ್ಲಿ ವೀಲ್ ಎಂಬ ಹಳ್ಳಿಯ ಬಳಿ ಅಣುಸ್ಥಾವರದ ಜಾಗವನ್ನು ಜನ ಆಕ್ರಮಿಸಿದ್ದರು. 1980ರ ಜನವರಿಯಲ್ಲಿ ಹಸಿರು ಪಕ್ಷ ಹುಟ್ಟಿತು. ಆ ವರ್ಷದ ಸಂಸತ್ ಚುನಾವಣೆಯಲ್ಲಿ ಸಿಕ್ಕಿದ್ದು 1.5%. ಪ್ರವೇಶಕ್ಕೆ 5% ಬೇಕು. 1983ರಲ್ಲಿ 5.6% ಬಂದು 27 ಸ್ಥಾನ ದಕ್ಕಿದವು. ನಡುವಿನ ಮೂರು ವರ್ಷದಲ್ಲಿ ಕ್ಷಿಪಣಿ ವಿರೋಧಿ ಶಾಂತಿ ಚಳವಳಿ, ಮಹಿಳಾ ಗುಂಪುಗಳು ಜೊತೆ ಸೇರಿದ್ದವು. 1990ರಲ್ಲಿ, ಎರಡು ಜರ್ಮನಿ ಒಂದಾದ ಕ್ಷಣದಲ್ಲಿ, ಎಲ್ಲರೂ ಜರ್ಮನಿಯ ಬಗ್ಗೆ ಮಾತಾಡುತ್ತಿದ್ದಾರೆ, ನಾವು ಹವಾಮಾನದ ಬಗ್ಗೆ ಮಾತಾಡುತ್ತೇವೆ ಎಂಬ ಅರ್ಥದ ಘೋಷಣೆ ಹಿಡಿದು ಹೋದರು. ಪಶ್ಚಿಮದಲ್ಲಿ 4.8% ಬಂದು ಹೊರಗುಳಿದರು. ಹೇಳಿದ್ದು ಸತ್ಯವಾಗಿತ್ತು, ಆದರೆ ಮತದಾರ ಆ ವರ್ಷ ಕೇಳುತ್ತಿದ್ದ ಪ್ರಶ್ನೆ ಬೇರೆ.

ರಷ್ಯಾದ ಹಿಮ್ಕಿ ಅರಣ್ಯ ಇನ್ನೂ ಕಠಿಣ ಉದಾಹರಣೆ. ಮಾಸ್ಕೋ–ಸೇಂಟ್ ಪೀಟರ್ಸ್‌ಬರ್ಗ್ ಹೆದ್ದಾರಿಗೆ ಓಕ್ ಮರಗಳ ಕಾಡು ಸೀಳುವುದನ್ನು ಎಂಜಿನಿಯರ್ ಯೆವ್ಗೇನಿಯಾ ಚಿರಿಕೋವಾ ವಿರೋಧಿಸಿದರು. ಅಲ್ಲಿ ಬರೆಯುತ್ತಿದ್ದ ಪತ್ರಕರ್ತ ಮಿಖಾಯಿಲ್ ಬೆಕೆಟೋವ್ ಅವರನ್ನು 2008ರಲ್ಲಿ ಅಂಗವಿಕಲರಾಗುವಂತೆ ಹೊಡೆದಿದ್ದರು. 2010ರ ಆಗಸ್ಟ್‌ನಲ್ಲಿ ಅಧ್ಯಕ್ಷ ಮೆಡ್ವೆಡೆವ್ ಕೆಲಸ ನಿಲ್ಲಿಸಿದರು, ಡಿಸೆಂಬರ್‌ನಲ್ಲಿ ಮತ್ತೆ ಅದೇ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು. ಮುಂದಿನ ಚಳಿಗಾಲದ ಚುನಾವಣಾ ಅಕ್ರಮ ವಿರೋಧಿ ಸಭೆಗಳಲ್ಲಿ ಚಿರಿಕೋವಾ ವೇದಿಕೆಯ ಮೇಲಿದ್ದರು. 2012ರ ಅಕ್ಟೋಬರ್‌ನಲ್ಲಿ ಹಿಮ್ಕಿಯ ಮೇಯರ್ ಚುನಾವಣೆಯಲ್ಲಿ ಅವರಿಗೆ ಸುಮಾರು 17% ಮತ ಬಂತು. ಅದೇ ತಿಂಗಳು ಪ್ರತಿಪಕ್ಷಗಳ ಸಮನ್ವಯ ಮಂಡಳಿಗೂ ಆಯ್ಕೆಯಾದರು. 2015ರ ಹೊತ್ತಿಗೆ ಎಸ್ಟೋನಿಯಾಕ್ಕೆ ಹೋಗಿ ನೆಲೆಸಬೇಕಾಯಿತು. ಆಡಳಿತವೂ ಈ ದಾರಿಯನ್ನು ಕಲಿತಿರುತ್ತದೆ. ವಿದೇಶಿ ಹಣ ಪಡೆದು ರಾಜಕೀಯ ಚಟುವಟಿಕೆ ನಡೆಸುವ ಸಂಘಟನೆಗಳಿಗೆ ಹಣೆಪಟ್ಟಿ ಹಚ್ಚುವ, 2012ರಲ್ಲಿ ಬಂದ ವಿದೇಶಿ ಏಜೆಂಟ್ ಕಾನೂನು 2014ರಲ್ಲಿ ಎಕೋಡಿಫೆನ್ಸ್ ಎಂಬ ಪರಿಸರ ಸಂಘಟನೆಯ ಮೇಲೆ ಬಿತ್ತು. ಒಂದು ಕಾಲದಲ್ಲಿ ತೆರೆದಿದ್ದ ಆ ಒಂದೇ ಬಾಗಿಲಿಗೂ ಚಿಲಕ ಹಾಕುವುದು ಹೇಗೆಂದು ಈಗಿನ ಸರ್ಕಾರಗಳಿಗೆ ಗೊತ್ತಿದೆ.

ಗೆದ್ದ ಮೇಲೆ

ಕಜಕಸ್ತಾನದಲ್ಲಿ ಕವಿ ಓಲ್ಜಾಸ್ ಸುಲೈಮೆನೋವ್ 1989ರ ಫೆಬ್ರುವರಿಯಲ್ಲಿ ದೂರದರ್ಶನದಲ್ಲಿ ಕವಿತೆ ಓದಬೇಕಿದ್ದ ಹೊತ್ತನ್ನು ಅಣುಪರೀಕ್ಷೆಗಳ ವಿರುದ್ಧ ಮಾತಾಡಲು ಬಳಸಿದರು. ನೆವಾಡ–ಸೆಮಿಪಲಾಟಿನ್ಸ್ಕ್ ಚಳವಳಿ ಹುಟ್ಟಿತು. 40 ವರ್ಷಗಳಲ್ಲಿ 456 ಪರೀಕ್ಷೆ ಕಂಡ ಸೆಮಿಪಲಾಟಿನ್ಸ್ಕ್ ಪರೀಕ್ಷಾ ನೆಲವನ್ನು 1991ರ ಆಗಸ್ಟ್ 29ರಂದು ಮುಚ್ಚಿದ್ದು ಕಜಕಸ್ತಾನದ ಅಧ್ಯಕ್ಷ ನಜರ್ಬಾಯೆವ್ ಅವರ ಆದೇಶ. ಕೀರ್ತಿಯೂ ಅವರಿಗೇ ಸೇರಿತು. ಸುಲೈಮೆನೋವ್ ಕಟ್ಟಿದ ಪಕ್ಷ ಬೆಳೆಯಲಿಲ್ಲ, 1995ರಲ್ಲಿ ಅವರು ಇಟಲಿಗೆ ರಾಯಭಾರಿಯಾಗಿ ಹೋದರು. ಬೇಡಿಕೆ ಪೂರ್ತಿ ಈಡೇರಿಸಿ, ನಾಯಕನಿಗೆ ದೂರದ ಗೌರವದ ಹುದ್ದೆ ಕೊಟ್ಟು ಪ್ರತಿಪಕ್ಷ ಹುಟ್ಟದಂತೆ ನೋಡಿಕೊಳ್ಳುವ ಈ ಕ್ರಮ ಲಾಠಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಧಿಕಾರ ಸಿಕ್ಕವರ ಕಷ್ಟ ಬೇರೆ. ಅರ್ಮೇನಿಯಾದ ಮೆತ್ಸಮೋರ್ ಅಣುಸ್ಥಾವರವನ್ನು, 1988ರ ಡಿಸೆಂಬರ್ ಭೂಕಂಪದ ಬಳಿಕ, 1989ರಲ್ಲಿ ನಿಲ್ಲಿಸಿದರು. ಪರಿಸರವಾದಿಗಳ ದೊಡ್ಡ ಬೇಡಿಕೆ ಅದಾಗಿತ್ತು. ನಂತರ ಯುದ್ಧ, ಗಡಿ ದಿಗ್ಬಂಧನ. ಚಳಿಗಾಲಗಳಲ್ಲಿ ಮನೆಗಳಿಗೆ ವಿದ್ಯುತ್ ಬರುತ್ತಿದ್ದದ್ದು ದಿನಕ್ಕೆ ಒಂದೆರಡು ಗಂಟೆ. ಜನ ಬೆಂಕಿಗಾಗಿ ಉದ್ಯಾನದ, ಕಾಡಿನ ಮರಗಳನ್ನೇ ಕಡಿದರು. 1995ರಲ್ಲಿ ಹೊಸ ಸರ್ಕಾರವೇ ಒಂದು ಘಟಕವನ್ನು ಮತ್ತೆ ಚಾಲೂ ಮಾಡಿತು. ಸ್ಥಾವರ ಬೇಡ ಎಂದವರು ತಪ್ಪಿದರು ಎಂದು ಇದರ ಅರ್ಥವಲ್ಲ. ಅದು ಭೂಕಂಪದ ವಲಯವೇ. ಬದಲಿ ವಿದ್ಯುತ್ ಎಲ್ಲಿಂದ, ಯಾವ ವರ್ಷದಿಂದ, ಎಷ್ಟು ಮೆಗಾವಾಟ್ ಎಂಬ ಪುಟ ಅವರ ಮನವಿಯಲ್ಲಿ ಇರಬೇಕಿತ್ತು.

ತೈವಾನ್‌ನಲ್ಲಿ ಆ ಪುಟ ಇದ್ದರೂ ಸಾಲಲಿಲ್ಲ. ಅಲ್ಲಿನ ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಕ್ಷ 1986ರಲ್ಲಿ ಹುಟ್ಟಿದ್ದೇ ಮಾಲಿನ್ಯ ವಿರೋಧಿ ಹೋರಾಟಗಳ ನಡುವೆ, ಅಣುಸ್ಥಾವರ ವಿರೋಧ ಅದರ ನೀತಿಯ ಭಾಗ. 2000ದಲ್ಲಿ ಪಕ್ಷದ ಚೆನ್ ಶುಯಿ-ಬಿಯನ್ ಅಧ್ಯಕ್ಷರಾದರು, ಅಕ್ಟೋಬರ್ 27ರಂದು ನಾಲ್ಕನೇ ಅಣುಸ್ಥಾವರದ ಕೆಲಸ ನಿಲ್ಲಿಸುವುದಾಗಿ ಅವರ ಸರ್ಕಾರ ಘೋಷಿಸಿತು. ಆದರೆ ಸಂಸತ್ತಿನ ಬಹುಮತ ಎದುರಾಳಿಗಳದು. 2001ರ ಜನವರಿಯಲ್ಲಿ ಸಂವಿಧಾನ ಪೀಠ ಸರ್ಕಾರದ ಕ್ರಮದಲ್ಲಿ ದೋಷ ಕಂಡಿತು: ಸಂಸತ್ತು ಒಪ್ಪಿದ ಬಜೆಟ್ಟನ್ನು ಸಂಸತ್ತನ್ನು ಕೇಳದೆ ನಿಲ್ಲಿಸಿದ್ದೀರಿ. ಫೆಬ್ರುವರಿಯಲ್ಲಿ ಕೆಲಸ ಮತ್ತೆ ಶುರುವಾಯಿತು. ಯಾರನ್ನೂ ಕೇಳದೆ ತೀರ್ಮಾನಿಸಿದಿರಿ ಎಂದು ಸರ್ಕಾರವನ್ನು ದೂರುತ್ತ ಬೆಳೆದ ಪಕ್ಷಕ್ಕೆ, ಅಧಿಕಾರದಲ್ಲಿ ಕೂತಾಗ, ಅದೇ ಆಕ್ಷೇಪ ಎದುರಾಗಿತ್ತು.

ಡ್ಯಾನ್ಯೂಬ್‌ನ ಕತೆಯೂ 1989ಕ್ಕೆ ಮುಗಿಯಲಿಲ್ಲ. ಸ್ಲೊವಾಕಿಯಾ ಕಡೆಯವರು 1992ರ ಅಕ್ಟೋಬರ್‌ನಲ್ಲಿ ಮೇಲ್ಭಾಗದಲ್ಲಿ ನದಿಯನ್ನು ತಮ್ಮ ನೆಲದೊಳಗೇ ತಿರುಗಿಸಿ ಗಾಬ್ಚಿಕೊವೊ ಓಡಿಸಿದರು. 1997ರ ಸೆಪ್ಟೆಂಬರ್ 25ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಎರಡೂ ಕಡೆಯವರು ತಪ್ಪು ಮಾಡಿದ್ದಾರೆ, 1977ರ ಒಪ್ಪಂದ ಇನ್ನೂ ಜೀವಂತ, ಕೂತು ಮಾತಾಡಿ ಎಂದಿತು. ಆಗ ಹಂಗೇರಿಯಲ್ಲಿ ಇದ್ದದ್ದು ಚುನಾಯಿತ ಸರ್ಕಾರ, 1988ರಲ್ಲಿ ಅಣೆಕಟ್ಟು ವಿರೋಧಿಸಿದ್ದ ಪ್ರಜಾಪ್ರಭುತ್ವವಾದಿಗಳ ಒಂದು ಪಕ್ಷವೂ ಆ ಮೈತ್ರಿಯಲ್ಲಿತ್ತು. 1998ರ ಆರಂಭದಲ್ಲಿ ಆ ಸರ್ಕಾರ ಮತ್ತೆ ಅಣೆಕಟ್ಟು ಕಟ್ಟುವ ಒಪ್ಪಂದದ ಕರಡಿಗೆ ಪ್ರಾಥಮಿಕ ಸಹಿ ಹಾಕಿತು. ಬುಡಾಪೆಸ್ಟ್‌ನ ಬೀದಿಗಳು ಹತ್ತು ವರ್ಷದ ಹಿಂದಿನಂತೆಯೇ ತುಂಬಿದವು. ಆ ಮೇ ತಿಂಗಳ ಚುನಾವಣೆಯಲ್ಲಿ ಸರ್ಕಾರ ಸೋತಿತು. ಹೊಸದಾಗಿ ಬಂದವರು ಕರಡನ್ನು ಬದಿಗಿಟ್ಟರು.